ಇನ್ನೆಷ್ಟು ವರ್ಷ

"ಇನ್ನೆಷ್ಟು ಬೆಳೆ ಎಳೀಬೋದು ಇದ್ರಲ್ಲಿ?"

ಮದ್ದೂರಿನಿಂದ ಭಾರತೀನಗರಕ್ಕೆ ಹೊರಟ ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಪಕ್ಕದ ಸೀಟಿನ ಮುದುಕ ಯಾರಿಗೆಂದಿಲ್ಲದೆ ಕೇಳಿದ. "ಹತ್ತು ವರ್ಷ" ಎಂಬ ಮಾತು ರಘುನಂದನನ ಬಾಯಿಂದ ತಾನಾಗಿ ಹೊರಬಿತ್ತು.

ಅಭ್ಯಾಸಬಲ. ದೇಶದ ಅಣುಸ್ಥಾವರಗಳಲ್ಲಿ ಯಾವುದು ಎಲ್ಲಿ ತೆಳುವಾಯಿತು, ಎಲ್ಲಿ ಜೋತುಬಿತ್ತು ಎಂದು ಪರೀಕ್ಷಿಸಿ, ಅದನ್ನು ಇನ್ನೆಷ್ಟು ವರ್ಷ ಓಡಿಸಬಹುದು ಎಂದು ಹೇಳುವ ಇಂಜಿನಿಯರು ಅವನು. ಐದು ಎಂದರೆ ಮೇಲಿನವರು ಮುಖ ಗಂಟಿಕ್ಕುತ್ತಾರೆ. ಇಪ್ಪತ್ತು ಎಂದರೆ ಆಧಾರ ಕೇಳುತ್ತಾರೆ. ಹತ್ತು ಎಂದರೆ ಎಲ್ಲರೂ ಕಾಫಿಗೆ ಏಳುತ್ತಾರೆ.

ಮುದುಕ ನಿಧಾನವಾಗಿ ಇತ್ತ ತಿರುಗಿದ. "ಅತ್ತೊರ್ಸವಾ? ಕೂಳೆ ಕಬ್ಬಾ? ಯಾವೂರು ಸಾ ನಿಮ್ದು?"

"ಮಂಡ್ಯ."

"ಮಂಡ್ಯದೋರಾಗಿ ಇಂಗಂದ್ರಲ್ಲ. ಕಬ್ಬು ಕಡುದ್ ಮ್ಯಾಕೆ ಬುಡ ಚಿಗುರ್ತದಲ್ಲ, ಅದೇ ಕೂಳೆ. ಅದ್ನ ಕಡುದ್ರೆ ಎಲ್ಡ್ನೇ ಕೂಳೆ. ಮೂರ್ನೇದ್ರಲ್ಲಿ ಜಲ್ಲೆ ನನ್ ಬೆಳ್ಳಷ್ಟು ದಪ್ಪ ಬತ್ತದೆ. ನಾನು ನಾಕ್ನೇದು ಬುಟ್ಟಿವ್ನಿ."

"ಮತ್ತೆ ಯಾಕೆ ಬಿಟ್ರಿ?"

"ಅಗ್ದಾಕಿ ಒಸ್ದು ನೆಡೋಕೆ ಬ್ಯಾಸ್ರ ಕಣ್ ಸಾ."

ಮಾದಯ್ಯ ಎಂದು ಅವನ ಹೆಸರು. ಕಾಲ ಬಳಿ ಮದ್ದೂರಿನಲ್ಲಿ ರಿಪೇರಿ ಮಾಡಿಸಿದ ಪಂಪಿನ ಮೋಟರು, ಗೋಣಿಚೀಲದೊಳಗೆ ಹಂದಿಮರಿಯ ಹಾಗೆ ಮಲಗಿತ್ತು. ರಘುನಂದನನ ಕೆಲಸ ಏನೆಂದು ಕೇಳಿದ. ಅಣುವಿನಿಂದ ಕರೆಂಟು ಮಾಡುವ ಸ್ಥಾವರಗಳ ವಿಚಾರ ಎಂದು ತಿಳಿದಮೇಲೆ ಬಿಡಲಿಲ್ಲ.

"ಅಂತಾವು ಎಷ್ಟವೆ ನಮ್ ದೇಸದಲ್ಲಿ?"

"ಇಪ್ಪತ್ತರ ಮೇಲೆ ಸ್ವಲ್ಪ. ಪಶ್ಚಿಮದ ಕಡಲ ದಂಡೇಲಿ ಎರಡಿವೆ, ಹೊರಗಿನವರು ಕಟ್ಟಿಕೊಟ್ಟವು. ನಾನು ಸ್ಕೂಲಿಗೆ ಸೇರೋ ಮುಂಚಿನವು. ಆಮೇಲಿನವು ಹೆಚ್ಚಾಗಿ ನಾವೇ ಕಟ್ಟಿದ ಸಣ್ಣವು. ಈಚಿನ ದೊಡ್ಡವು ಬೆರಳೆಣಿಕೆಯಷ್ಟು. ದಕ್ಷಿಣದ ತುದೀಲಿ ರಷ್ಯಾದವು ಎರಡು, ಎಲ್ಲಕ್ಕಿಂತ ದೊಡ್ಡವು."

ಮಾದಯ್ಯ ಮನಸ್ಸಿನಲ್ಲೇ ಅವನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದ. "ಎಲ್ರು ಮನೆ ಇದ್ದಂಗೇ ಅನ್ನಿ. ಎಲ್ಡು ಮುದ್ಕ್ರು, ನಡುವಯಸ್ನೋರು ರಾಸಿ, ಐಕ್ಳು ಕಮ್ಮಿ. ನೀವು ಮುದ್ಕ್ರುನ್ನ ನೋಡ್ಕಳೋರು." ನಂತರ ಮೋಟರಿನ ಬೆನ್ನು ತಟ್ಟಿ ಕೇಳಿದ: "ಇದುನ್ನ ತಿರುಗ್ಸೋ ಕರೆಂಟು ನಿಮ್ದೇಯಾ?"

"ಹೇಳಕ್ಕಾಗಲ್ಲ. ಎಲ್ಲಾ ಕಡೇದೂ ಒಂದೇ ತಂತೀಲಿ ಬೆರೆತುಹೋಗುತ್ತೆ."

"ಅಂಗಾರೆ ನೀವ್ ಮಾಡಿದ್ದು ಯಾವ್ದು ಅಂತ ನಿಮ್ಗೇ ಗೊತ್ತಾಗಾಕಿಲ್ಲ."

"ಇಲ್ಲ."

ಇಬ್ಬರೂ ನಕ್ಕರು. ರಘುನಂದನ ಸ್ವಲ್ಪ ತಡವಾಗಿ.

ಭಾರತೀನಗರದಲ್ಲಿ ಮೋಟರು ಇಳಿಸಲು ಅವನೂ ಒಂದು ಕೈ ಹಚ್ಚಿದ. "ಯಾರ್ ಮನೆಗ್ ಸಾ?" ಎಂದ ಮಾದಯ್ಯ. ನಮ್ಮ ಮನೆಗೆ ಎನ್ನಲು ಬಾಯಿ ತೆರೆದ ರಘುನಂದನ, "ವೀಣಾ ಮೇಡಂ ಮನೆಗೆ" ಎಂದ.

"ಲೆಕ್ಕದ ಮೇಡಮ್ಮೋರಾ? ನಿಮ್ಗೇನಾಗ್ಬೇಕು?"

ಬಸ್ಸು ಹಾರನ್ ಹೊಡೆಯಿತು. ಅವನು ಅದನ್ನೇ ಉತ್ತರ ಎಂದುಕೊಂಡು ಚೀಲ ಹೆಗಲಿಗೇರಿಸಿದ.

ಹೆಂಡತಿ. ಜಗಳ ಆಡಿದವರಲ್ಲ, ಬಿಟ್ಟವರೂ ಅಲ್ಲ. ಅವಳು ಇಲ್ಲಿಯ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದಳು, ಅವನು ಸ್ಥಾವರದಿಂದ ಸ್ಥಾವರಕ್ಕೆ ಕಾಲೋನಿ ಬದಲಿಸುತ್ತಿದ್ದ. ರಜೆಯಲ್ಲಿ ಬಂದು, ನಾಲ್ಕು ದಿನ ಇದ್ದು, ಏನೂ ಕೆಟ್ಟಿಲ್ಲ ಎಂದು ಖಾತರಿ ಮಾಡಿಕೊಂಡು ಹೋಗುತ್ತಿದ್ದ. ಮುಂದಿನ ತಿಂಗಳು ನಿವೃತ್ತಿ, ಕ್ವಾರ್ಟರ್ಸು ಬಿಡಬೇಕು. ಇಲ್ಲಿಗೇ ಬಂದು ಇರಲಾ ಎಂದು ಅವಳನ್ನು ಕೇಳಬೇಕು. ಅದಕ್ಕೇ ಬಂದದ್ದು. ತನ್ನ ಮನೆಗೆ ಬರಲು ಅಪ್ಪಣೆ ಕೇಳುವುದು ಹೇಗೆಂದು ತಿಳಿಯದೆ ದಾರಿಯುದ್ದಕ್ಕೂ ವಾಕ್ಯ ತಿದ್ದುತ್ತಿದ್ದ.

"ಬಂದ್ರಾ?" ಎಂದಳು ವೀಣ. ದಿವಾನದ ಮೇಲೆ ಒಗೆದ ಹೊದಿಕೆ ಹಾಸಿತ್ತು. ನೆಂಟರಿಗೆ ಹಾಸುವಂಥದು.

ಅವಳು ಕಾಫಿ ತರುವಷ್ಟರಲ್ಲಿ ಅವನು ಬೆರಳ ಗಿಣ್ಣಿನಿಂದ ಗೋಡೆ ಕುಟ್ಟಿ ಸದ್ದು ಕೇಳುತ್ತಿದ್ದ.

"ಗೋಡೆ ಚೆನ್ನಾಗಿದೆ, ಬಿಡಿ."

"ಸುಮ್ನೆ."

"ನಿಮ್ಮ ಸ್ಥಾವರದ ಮೊದಲನೇ ಯೂನಿಟ್ಟು ಹೇಗಿದೆ?" ಅತ್ತೆಯ ಆರೋಗ್ಯ ವಿಚಾರಿಸುವ ದನಿಯಲ್ಲಿ ಕೇಳಿದಳು.

"ನಿಲ್ಲಿಸಿದೀವಿ. ಒಳಗಿನ ಕೊಳವೆಗಳು ವರ್ಷ ಕಳೀತಾ ಉದ್ದ ಆಗ್ತವೆ, ನಡುವೆ ಜೋತುಬೀಳ್ತವೆ. ಎಲ್ಲ ತೆಗೆದು ಹೊಸದು ಹಾಕಿದ್ರೆ ಮತ್ತೆ ಓಡುತ್ತೆ, ಬಹಳ ವರ್ಷ."

"ಜೋತುಬಿದ್ದಿದ್ದು ಒಳಗೆ ಹೋಗಿ ನೋಡಿದ್ರಾ?"

"ಒಳಗೆ ಯಾರೂ ಹೋಗೋ ಹಾಗಿಲ್ಲ. ಕ್ಯಾಮೆರಾ ಬಿಡ್ತೀವಿ. ಹೊರಗೆ ಕೂತು ನೋಡೋದು."

"ಹೂಂ," ಎಂದಳು.

ಈಗ ಕೇಳಬಹುದಿತ್ತು. ಅವನು ಕೊಳವೆಯ ಲೋಹದ ವಿಚಾರ ಹೇಳಿದ. ಹೊಸವನ್ನು ಕಟ್ಟಿ ಮುಗಿಸಲು ಎಷ್ಟು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಹಳೆಯವೇ ಗತಿ ಎಂದ. ಅವಳು ಲೋಟ ತೊಳೆದಿಟ್ಟು ಸೆರಗು ಸರಿಮಾಡಿಕೊಂಡಳು.

"ಇವತ್ತು ಶನಿವಾರ, ರಾಮಮಂದಿರದಲ್ಲಿ ಕಾವ್ಯ ಓದ್ತಾರೆ. ನಾನು ಹೊರಟೆ. ನೀವು ಮಲಗೋದಾದ್ರೆ ಮಲಗಿ."

"ನಾನೂ ಬರ್ತೀನಿ."

ಅವಳು ಅವನ ಮೊಣಕಾಲು ನೋಡಿದಳು. "ಕಾಲು ಮಡಚಿ ಕೂರಬೇಕು."

ಆಗಷ್ಟೇ ಸಂಜೆಗತ್ತಲೆ ಇಳಿದಿತ್ತು. ಮಂದಿರದಲ್ಲಿ ಚಾಪೆ ತುಂಬ ಜನ: ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ದರ್ಜಿ, ಮೊಣಕಾಲು ಚಾಚಿದ ಅಜ್ಜಿಯರು. ತಿರುಮಲಮ್ಮ ಎಂಬ ಹಿರಿಯಾಕೆ ವ್ಯಾಸಪೀಠದ ಮೇಲೆ ಗ್ರಂಥ ಬಿಡಿಸಿ, ಒಂದೊಂದೇ ಪದ್ಯವನ್ನು ರಾಗದಲ್ಲಿ ಎತ್ತಿ, ತೂಗಿ, ಇಳಿಸುತ್ತಿದ್ದರು. ಯಾವುದೋ ವನವಾಸದ ಪ್ರಸಂಗ. ರಘುನಂದನ ಕಂಬಕ್ಕೊರಗಿ ಹೆಂಡತಿಯ ಪಕ್ಕ ಕೂತ.

ಆಮೇಲೆ ಗಮನಿಸಿದ. ವೀಣಳ ತುಟಿ ಆಡುತ್ತಿತ್ತು. ತಿರುಮಲಮ್ಮನ ದನಿಗಿಂತ ಅರೆಕ್ಷಣ ಮೊದಲೇ ಆಡುತ್ತಿತ್ತು. ಅವಳಿಗೆ ಇದೆಲ್ಲ ಬಾಯಿಗೆ ಬರುತ್ತದೆ. ಯಾವಾಗ ಕಲಿತಳು? ಸುತ್ತ ನೋಡಿದರೆ ದರ್ಜಿಯ ತುಟಿಯೂ ಆಡುತ್ತಿತ್ತು.

ಕರೆಂಟು ಹೋಯಿತು.

ರಾಗ ನಿಲ್ಲಲಿಲ್ಲ. ಗ್ರಂಥ ಕಾಣದ ಕತ್ತಲೆಯಲ್ಲಿ ತಿರುಮಲಮ್ಮ ಹಾಗೇ ಮುಂದುವರಿದರು, ಯಾರೂ ಮಿಸುಕಲಿಲ್ಲ. ರಘುನಂದನ ಅವಸರದಿಂದ ಮೊಬೈಲಿನ ಟಾರ್ಚು ಹಚ್ಚಿ ಪೀಠದತ್ತ ಹಿಡಿದ.

"ಆರ್ಸಿ ಸಾ," ಎಂದಿತು ಹಿಂದಿನ ದನಿಯೊಂದು, "ಕಣ್ಣಿಗ್ ವಡೀತದೆ."

ಆರಿಸಿದ. ಅಷ್ಟು ಜನರಲ್ಲಿ ತಲೆಯೆತ್ತಿ ಬಲ್ಬು ಇದ್ದ ಕಡೆ ನೋಡುತ್ತ ಕೂತವನು ಅವನೊಬ್ಬನೇ. ಮುಖ ಕಾಣುವುದಿಲ್ಲವೆಂಬ ಧೈರ್ಯದಲ್ಲಿ, ತಿದ್ದಿದ ವಾಕ್ಯಗಳೆಲ್ಲ ಮರೆತು, ಪಿಸುಗುಟ್ಟಿದ:

"ಮುಂದಿನ ತಿಂಗಳು ಇಲ್ಲಿಗೇ ಬಂದುಬಿಡ್ತೀನಿ ವೀಣ. ನಿನ್ನ ಜೊತೆ ಇರ್ತೀನಿ. ಬರಲಾ?"

ಸಾಲು ಮುಗಿಯುವವರೆಗೆ ಅವಳು ಕಾದಳು.

"ಬೇಡ. ಬರಬೇಡಿ. ನೀವಿಲ್ಲದೆ ಅಭ್ಯಾಸ ಆಗಿದೆ," ಎಂದು ಹೇಳಿ, ಮುಂದಿನ ಸಾಲಿಗೆ ಎಲ್ಲರೊಡನೆ ಸೇರಿಕೊಂಡಳು.