ಒಂದು ಮನೆ, ಎರಡು ಕಲ್ಲು

“ಒಂದು ಮನಿ, ಎರಡು ಕಲ್ಲು. ಇಷ್ಟಕ್ಕೇ ಬಿದ್ದದ ನೋಡ್ರಿ ಸರ್ ನಿಮ್ಮ ಪ್ರೋಗ್ರಾಂ,” ಎಂದಳು ಲುಂಬಿನಿ. ಪರದೆಯ ಮೇಲೆ ಕೆಂಪು ಅಕ್ಷರದ ಸಾಲೊಂದು ನಿಂತಿತ್ತು.

ರಘುವೀರ ಮಾಸ್ತರರು ಕನ್ನಡಕ ಹಣೆಗೇರಿಸಿ ಓದಿದರು, ಇಳಿಸಿ ಓದಿದರು, ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. “ಹುಚ್ಚಿ, ಒಂದ್ ಮನಿಗಿ ಒಂದೇ ಕಲ್ಲು ಅಂತ ನಿಮ್ಮ ವಿಹಾರದ ಕಮಿಟಿಯವರೇ ಠರಾಯಿಸ್ಯಾರ. ಎರಡು ಯಾರ್ ಕೊಡ್ತಾರ? ಯಾರೂ ಕೊಡಲಾರದ ಕಲ್ಲಿಗಿ ನಾ ಯಾಕ ತಲಿ ಕೆಡಿಸ್ಕೋಬೇಕು?”

“ಮಷಿನ್ನಿಗಿ ಕಮಿಟಿ ಗೊತ್ತಿಲ್ರಿ.”

“ಅದೇ ಅದರ ಐಬು!”

2007ರ ಬೇಸಿಗೆ. ಶಹಾಬಾದಿನ ಬಿಸಿಲು ಮೇಲಿನಿಂದ ಸುಟ್ಟದ್ದು ಸಾಲದೆಂದು ನೆಲದ ಕಲ್ಲು ಕಾಯಿಸಿ ಕೆಳಗಿನಿಂದಲೂ ಸುಡುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ಕೂಲರ್ ಇದ್ದದ್ದು ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ. ಹಾಗಾಗಿ ರಜೆಯಲ್ಲೂ ಮಾಸ್ತರರ ಬಿಡಾರ ಅಲ್ಲೇ. ಮಗ ಕೂಲರಿನ ಆಸೆಗೆ ಹೋಗುತ್ತಾನೆಂದು ಅವರ ತಾಯಿ ಸರಸ್ವತಿಬಾಯಿ ತಿಳಿದಿದ್ದರು. ಮಗ ಹೋಗುತ್ತಿದ್ದದ್ದು ‘ಹಾಸು’ಗಾಗಿ.

‘ಹಾಸು’ ಅವರೇ ಬರೆದ ಪ್ರೋಗ್ರಾಂ. ಕೋಣೆಯ ಉದ್ದಗಲ ಹೇಳಿ, ನೆಲಕ್ಕೆ ಹಾಸಲು ಕೈಯಲ್ಲಿರುವ ಫರಸಿ ಕಲ್ಲುಗಳ ಅಳತೆ ಹೇಳಿದರೆ, ಯಾವ ಕಲ್ಲು ಎಲ್ಲಿ ಕೂರಬೇಕೆಂದು ಚಿತ್ರ ಬರೆದು ತೋರಿಸುತ್ತಿತ್ತು. ಅದನ್ನು ಒಳಗಿನ ಬರಹದ ಸಮೇತ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಮಾಸ್ತರರಿಗೆ ಕಳಿಸಬಹುದು. ರಾಜಸ್ಥಾನದ ಕೋಟಾದವನೊಬ್ಬ, ಪೋರ್ಚುಗಲ್ಲಿನಲ್ಲಿ ಹಳೆ ಮನೆಗಳನ್ನು ರಿಪೇರಿ ಮಾಡುವ ಮುದುಕನೊಬ್ಬ ಹಾಗೆ ಬಂದು ಸೇರಿಕೊಂಡಿದ್ದರು. ಇನ್ನೊಬ್ಬಳು ಲುಂಬಿನಿ. ಮಾಸ್ತರರ ಹಳೆಯ ವಿದ್ಯಾರ್ಥಿನಿ, ಈಗ ಗುಲಬರ್ಗಾದಲ್ಲಿ ಇಂಜಿನಿಯರಿಂಗಿನ ಕೊನೆಯ ವರ್ಷ. ಆದರೆ ಮಾಸ್ತರರು ಒಪ್ಪದೆ ಒಂದು ಸಾಲೂ ‘ಹಾಸು’ವಿನ ಒಳಗೆ ಹೋಗುತ್ತಿರಲಿಲ್ಲ. ಬೆಣ್ಣೆಯಂಥ ಮನುಷ್ಯ, ಇದೊಂದು ವಿಷಯದಲ್ಲಿ ಮಾತ್ರ ಬಗ್ಗುತ್ತಿರಲಿಲ್ಲ.

ಸೇರಿಸಿಕೊಳ್ಳಿ ಎಂದು ಲುಂಬಿನಿ ಈಗ ದುಂಬಾಲು ಬಿದ್ದಿದ್ದು ಒಂದು ಹೊಸ ಬಗೆಯ ಪರೀಕ್ಷೆಯ ಸಲಕರಣೆಗಾಗಿ. ಅಲ್ಲಿಯವರೆಗೆ ಪರೀಕ್ಷೆ ಎಂದರೆ ಮಾಸ್ತರರೇ ಇಂಥ ಕೋಣೆ, ಇಂಥ ಕಲ್ಲು ಎಂದು ಉದಾಹರಣೆ ಕಟ್ಟಿ, ಉತ್ತರವನ್ನೂ ತಾವೇ ಬರೆದು, ಪ್ರೋಗ್ರಾಂ ಅದೇ ಉತ್ತರ ಕೊಡುತ್ತದೋ ಎಂದು ನೋಡುವುದು. ಕೊಡುತ್ತಿತ್ತು, ಪಾಪ. ಹೊಸ ಸಲಕರಣೆಗೆ ಉದಾಹರಣೆ ಬೇಡ, ನೇಮ ಹೇಳಿದರೆ ಸಾಕು: ಕೋಣೆ ಎಂಥದ್ದೇ ಇರಲಿ, ಜಾಗ ಸಾಲುವುದಾದರೆ ಬಂದ ಕಲ್ಲೆಲ್ಲ ಹಾಸಿನಲ್ಲಿ ಇರಬೇಕು. ಆ ನೇಮ ಮುರಿಯಲೆಂದೇ ಅದು ತನಗೆ ತೋಚಿದ ಕೋಣೆಗಳನ್ನು, ಕಲ್ಲಿನ ಗುಡ್ಡೆಗಳನ್ನು ನೂರಾರು ಹುಟ್ಟಿಸಿ ಪ್ರೋಗ್ರಾಮಿನ ಮೇಲೆ ಎಸೆಯುತ್ತಿತ್ತು. ಎಲ್ಲಾದರೂ ಮುರಿಯಿತೋ, ಆ ದೊಡ್ಡ ಗುಡ್ಡೆಯನ್ನು ಸವರಿ ಸಣ್ಣದು ಮಾಡುತ್ತ ಬಂದು, ನಿನ್ನನ್ನು ಕೆಡವಲು ಇಷ್ಟೇ ಸಾಕು ಎಂದು ಎಲ್ಲಕ್ಕಿಂತ ಚಿಕ್ಕ ಉದಾಹರಣೆಯನ್ನು ಮುಂದಿಡುತ್ತಿತ್ತು. ಆ ಶುಕ್ರವಾರ ಮಧ್ಯಾಹ್ನ ಮುಂದಿಟ್ಟದ್ದು ಒಂದು ಮನೆ, ಎರಡು ಕಲ್ಲು.

“ಸರ್, ಪ್ರೋಗ್ರಾಂ ಬರದವ್ರೂ ನೀವೇ, ಉದಾಹರಣಿ ಕಟ್ಟಿದವ್ರೂ ನೀವೇ. ನಿಮ್ಮ ಉದಾಹರಣಿ ಎಲ್ಲಾ ನಿಮ್ಮಂಗೇ ಸಜ್ಜನ ಇರ್ತಾವ್ರಿ. ಊರೆಲ್ಲಾ ಹಂಗ ಇರ್ತದೇನ್ರಿ?”

“ನಿನ್ನ ಮಷಿನ್ ಭಾಳ ಉಡಾಳ ಅದ. ಮುಂಜಾನಿ ಏನ್ ಕೇಳ್ತು? ಒಂದು ಗೇಣು ಅಗಲ, ಒಂದು ಮೈಲು ಉದ್ದದ ಕೋಣಿ! ಅದರಾಗ ಯಾರ್ ಇರ್ತಾರ, ಹಾವಾ?”

ಲುಂಬಿನಿಗೂ ನಗು ತಡೆಯಲಿಲ್ಲ. ಮಾಸ್ತರರು ಅದೇ ಸಂದಿಯಲ್ಲಿ ತೀರ್ಪು ಕೊಟ್ಟರು. “ಖರೇ ಮನಿಯೊಳಗ ಆಗೋ ತಪ್ಪು ಒಂದ್ ಹಿಡದ್ ತೋರಸು. ಅವತ್ತೇ ಸೇರಸ್ತೀನಿ. ಅಲ್ಲೀತನಕ ನಿಮ್ಮ ವಿಹಾರದ ಹಾಸು ಮುಗೀಲಿ, ನಡಕ ಕೈ ಹಚ್ಚಬ್ಯಾಡ.”

ನಗುತ್ತಲೇ ಹೊರಬಿದ್ದಳೇ ಹೊರತು ಲುಂಬಿನಿಗೆ ಒಳಗೊಳಗೆ ಅಳುಕಿತ್ತು. ಅವಳ ಕೇರಿಯಲ್ಲಿ ಬುದ್ಧ ವಿಹಾರ ಏಳುತ್ತಿತ್ತು. ಗೋಡೆ ನಿಂತು, ಚಾವಣಿ ಕೂತು, ಫರಸಿ ಒಂದು ಉಳಿದಿತ್ತು. ಕೇರಿಯ ಪದ್ಧತಿ ಏನೆಂದರೆ ಇಂಥ ಜಾಗದ ಫರಸಿಯನ್ನು ಕೊಂಡು ತರುವುದಿಲ್ಲ. ಮನೆಗೊಂದು ಕಲ್ಲು ಬರಬೇಕು. ಶಹಾಬಾದಿನವರದಷ್ಟೇ ಅಲ್ಲ, ವಾಡಿ, ತೆಂಗಳಿ, ಗುಂಡಗುರ್ತಿಯ ನೆಂಟರದೂ. ಒಬ್ಬರದು ದೊಡ್ಡದು, ಒಬ್ಬರದು ಚಿಕ್ಕದು, ಯಾವುದನ್ನೂ ಕತ್ತರಿಸುವಂತಿಲ್ಲ. ನಡುವಿನ ಸಂದಿಗೆ ಪಟ್ಟಿಕಲ್ಲು. ಕೊಟ್ಟವರ ಹೆಸರು ಕಲ್ಲಿನ ಕೆಳಮೈಗೆ. ಒಮ್ಮೆ ಕೂತ ಮೇಲೆ ಯಾರದು ಯಾವುದೆಂದು ಯಾರಿಗೂ ತಿಳಿಯಬಾರದು.

ಹಾಸುವವನು ಲುಂಬಿನಿಯ ಅಪ್ಪ ಸೂರ್ಯಕಾಂತ. ವಾಡಿಯಿಂದ ಚಿತ್ತಾಪುರದವರೆಗೆ ಅವನ ಕೈಯ ಫರಸಿ ಎಂದರೆ ಜನ ಬರಿಗಾಲಲ್ಲಿ ನಡೆದು ನೋಡುತ್ತಾರೆ. ಅಂಥವನ ಕೈಯಲ್ಲೂ ಹತ್ತು ವರ್ಷದ ಹಿಂದೆ ಒಂದು ಯಡವಟ್ಟಾಗಿತ್ತು. ಸಮುದಾಯ ಭವನದ ಹಾಸು ಮುಗಿದ ಸಂಜೆ ನೋಡಿದರೆ ಹೊರಗೆ ಒಂದು ಕಲ್ಲು ಉಳಿದಿದೆ. ಎದುರು ಮನೆಯ ಹಣಮಮ್ಮನದು. ಬೇಕೆಂದು ಬಿಟ್ಟದ್ದಲ್ಲ, ಮರೆತದ್ದು. “ಇರ್ಲಿ ಬಿಡು ಹಣಮಕ್ಕಾ, ಹೊರಗ ಹತ್ತೋ ಪಾವಟಿಗಿಗಿ ಹಾಕಿದ್ರಾಯ್ತು,” ಎಂದು ಕಮಿಟಿಯವರು ಉರಿಯುವುದಕ್ಕೆ ಎಣ್ಣೆ ಹೊಯ್ದರು. ಹಣಮಮ್ಮ ಸೆರಗು ಸುತ್ತಿ ಸಿಂಬಿ ಮಾಡಿ, ಕಲ್ಲು ಹೊತ್ತು ಮನೆಗೆ ನಡೆದಳು. ಅಂದಿನಿಂದ ಅವಳು ಯಾವ ಸಭೆಗೂ ಬಂದಿಲ್ಲ, ಸೂರ್ಯಕಾಂತನೊಡನೆ ಒಂದು ಮಾತೂ ಆಡಿಲ್ಲ. ಬಾಗಿಲು ತೆರೆದರೆ ಮುಖಕ್ಕೆ ಮುಖ, ಆದರೂ ಮಾತಿಲ್ಲ. ಅಕ್ಕಾ ಅಕ್ಕಾ ಎಂದು ಅವಳ ಬೆನ್ನಿಗೇ ಬೆಳೆದವನು ಸೂರ್ಯಕಾಂತ. ಈ ಹತ್ತು ವರ್ಷ ಅವನಿಗೆ ಅದೊಂದು ಕೊರಗು.

“ಈ ಸಲ ಒಂದೇ ಒಂದು ಕಲ್ಲು ಹೊರಗ ಉಳೀತಂದ್ರ ನಾ ಮತ್ತ ಥಾಪಿ ಹಿಡಿಯಂಗಿಲ್ಲ,” ಎಂದು ಅವನು ಮಗಳಿಗೆ ಹೇಳಿಬಿಟ್ಟಿದ್ದ. “ನನ್ನ ನೆನಪಿನ ಮ್ಯಾಲ ನಂಗ ಭರೋಸಾ ಇಲ್ಲವ್ವಾ. ನಿಮ್ಮ ಕಂಪ್ಯೂಟರಿಗಿ ಹೇಳು.” ಅದಕ್ಕೇ ಮಾಸ್ತರರು ‘ಹಾಸು’ವಿಗೆ ಹೊಸದಾಗಿ ಕಲ್ಲಿನ ಜೊತೆ ಮನೆಯ ಹೆಸರನ್ನೂ ಇಟ್ಟುಕೊಳ್ಳುವ ಏರ್ಪಾಡು ಮಾಡಿಕೊಟ್ಟಿದ್ದರು. ಅಪ್ಪ ಗಾರೆ ಮೆತ್ತುವ ಆ ಥಾಪಿ ಹಿಡಿಯುವುದೋ ಬಿಡುವುದೋ ಎಂಬುದು ಈ ಏರ್ಪಾಡಿನ ಮೇಲೆ ನಿಂತಿತ್ತು. ಅದೇ ಏರ್ಪಾಡಿನಲ್ಲಿ ಕೆಂಪು ಸಾಲು ಬಂದಿತ್ತು.

ಭಾನುವಾರ ಬೆಳಿಗ್ಗೆ ಮಾಸ್ತರರೇ ಟೇಪು ಹಿಡಿದು ವಿಹಾರದ ಮುಂದೆ ಹಾಜರಾದರು. ಹುಲ್ಲಿನ ಮೇಲೆ ಕಲ್ಲಿನ ಗುಡ್ಡೆ ಬೆಳೆಯುತ್ತಿತ್ತು. ಅವರು ಅಳೆದು ಕೂಗುವುದು, ಲುಂಬಿನಿ ಬೇವಿನ ನೆರಳಲ್ಲಿ ಅವರ ಹಳೆಯ ಲ್ಯಾಪ್‌ಟಾಪಿಗೆ ತುಂಬುವುದು. ಚಹಾ ಬಂತು, ಭಜಿ ಬಂತು. ಕಮಿಟಿಯ ದೇವಾನಂದ ಎಲ್ಲರಿಗೂ ಕುಂದ್ರಿ ಕುಂದ್ರಿ ಎನ್ನುತ್ತ ತಾನೊಬ್ಬನೇ ಕುರ್ಚಿಯಲ್ಲಿ ಕೂತಿದ್ದ.

ಕೈಗಾಡಿಯೊಂದು ಗಡಗಡ ಸದ್ದು ಮಾಡುತ್ತ ಬಂತು. ತಳ್ಳುತ್ತಿದ್ದವಳು ಹಣಮಮ್ಮ. ಗಾಡಿಯಲ್ಲಿ ಎರಡು ಕಲ್ಲು. ಒಂದು ಹೊಸದು, ನೀಲಿ ಹೊಳಪಿನದು. ಇನ್ನೊಂದು ಅಂಚು ಕಪ್ಪಾದದ್ದು. ಭಜಿ ತಿನ್ನುತ್ತಿದ್ದವರ ಬಾಯಿ ಹಾಗೇ ನಿಂತಿತು.

“ಅಂದಿಂದೊಂದು, ಇವತ್ತಿಂದೊಂದು,” ಎಂದಳು ಹಣಮಮ್ಮ, ಯಾರ ಮುಖವನ್ನೂ ನೋಡದೆ. “ತಗೊಂಡ್ರ ಎರಡೂ ತಗೋರಿ. ಇಲ್ಲಾಂದ್ರ ಎರಡೂ ಒಯ್ತೀನಿ.”

ದೇವಾನಂದ ಗಂಟಲು ಸರಿಮಾಡಿಕೊಂಡ. “ಹಣಮಕ್ಕಾ, ಒಂದ್ ಮನಿಗಿ ಒಂದು ಅಂತ…”

ಅವನ ಮಾತು ಮುಗಿಯಲಿಲ್ಲ. ರಘುವೀರ ಮಾಸ್ತರರು ಟೇಪು ಕೈಬಿಟ್ಟು ಗಹಗಹಿಸಿ ನಗತೊಡಗಿದ್ದರು. ಕಣ್ಣಲ್ಲಿ ನೀರು ಬರುವ ನಗು. ಹಣಮಮ್ಮನ ಮುಖ ಕೆಂಪಾಯಿತು. ಗಾಡಿಯ ಹಿಡಿಯನ್ನು ಹಿಂದಕ್ಕೆ ಜಗ್ಗಿದಳು. “ಯಾಕ ನಗ್ತೀ ಮಾಸ್ತರ? ನನ್ನ ಕಲ್ಲು ನೋಡಿ ನಗೂ ಬಂತೇನ್?”

“ಇಲ್ರಿ ಅವ್ವಾರ, ನಿಮ್ಮ ಕಾಲಿಗಿ ಬೀಳ್ತೀನಿ, ನಿಮಗಲ್ಲ ನಕ್ಕಿದ್ದು. ನನಗ ನಾನೇ ನಗಾಕತ್ತೀನಿ.” ಅವರು ಲುಂಬಿನಿಯ ಕಡೆ ಕೈ ಮಾಡಿದರು. “ಈ ಹುಡುಗೀ ಮಷಿನ್ ಶುಕ್ರವಾರನೇ ಹೇಳ್ತು, ಒಬ್ಬರು ಎರಡು ಕಲ್ಲು ತರ್ತಾರ ಅಂತ. ನಾನೇ ನಂಬಲಿಲ್ಲ.”

“ಶುಕ್ರವಾರ?” ಹಣಮಮ್ಮ ಹುಬ್ಬು ಗಂಟಿಕ್ಕಿದಳು. “ತರಬೇಕಂತ ನನಗೇ ನಿನ್ನಿ ಸಂಜೀಕ ಮನಸಾಗ್ಯಾದ. ಅದಕ್ಕ ಹ್ಯಾಂಗ ಗೊತ್ತು?”

“ನೀವು ಅಂತ ಅದಕ್ಕ ಗೊತ್ತಿಲ್ರಿ. ಹಿಂಗಾದ್ರ ಏನ್ ಮಾಡ್ತಿ, ಹಂಗಾದ್ರ ಏನ್ ಮಾಡ್ತಿ ಅಂತ ಆಗಬಹುದಾದದ್ದೆಲ್ಲಾ ಕೇಳ್ಕೋತ ಹೋಗ್ತದ. ನಾವು ಕೇಳಂಗಿಲ್ಲ. ಹಿಂಗ ಎಲ್ಲಿ ಆಗ್ತದ ಬಿಡು ಅಂತೀವಿ,” ಎಂದರು ಮಾಸ್ತರರು.

ಹಣಮಮ್ಮ ಗಾಡಿಯ ಹಿಡಿ ಬಿಟ್ಟಳು. “ಹಂಗಿದ್ರ ಕಮಿಟಿಯವ್ರಕಿಂತ ಶಾಣ್ಯಾ ಅದ,” ಎಂದಳು. ನಿಂತಿದ್ದವರೆಲ್ಲ ಹೋ ಎಂದು ನಕ್ಕರು. ದೇವಾನಂದನೂ ಪೆಚ್ಚಾಗಿ ನಕ್ಕ. ಆ ನಗುವಿನ ನಡುವೆಯೇ ಸೂರ್ಯಕಾಂತ ಬಂದು, ಯಾರನ್ನೂ ಕೇಳದೆ ಎರಡೂ ಕಲ್ಲನ್ನು ಒಂದೊಂದಾಗಿ ಎದೆಗಪ್ಪಿ ಇಳಿಸಿ ಗುಡ್ಡೆಗೆ ಆನಿಸಿದ. ಹಣಮಮ್ಮ ಅವನನ್ನು ನೋಡಲಿಲ್ಲ. ಖಾಲಿ ಗಾಡಿ ತಿರುಗಿಸಿಕೊಂಡು ಹೋದಳು.

ಲುಂಬಿನಿ ಎರಡನ್ನೂ ಹಣಮಮ್ಮನ ಹೆಸರಿಗೆ ತುಂಬಿ ‘ಹಾಸು’ ಓಡಿಸಿದಳು. ಚಂದದ ಚಿತ್ರ ಬಂತು. ಹೊಸ ಕಲ್ಲು ನಡುವಿಗೇ ಕೂತಿತ್ತು. ಹಳೆಯದು ಎಲ್ಲೂ ಇರಲಿಲ್ಲ. ಪ್ರೋಗ್ರಾಂ ತಕರಾರೂ ಮಾಡಿರಲಿಲ್ಲ. ಮನೆಗೊಂದೇ ಗೂಟ ನೆಟ್ಟಿದ್ದರು ಮಾಸ್ತರರು. ಎರಡನೆಯ ಎಮ್ಮೆ ಕಟ್ಟಿದರೆ ಮೊದಲನೆಯದು ತಾನಾಗಿ ಬಿಚ್ಚಿಕೊಂಡು ಹೋಗುತ್ತಿತ್ತು.

ಮಾಸ್ತರರ ನಗು ಆಗ ನಿಂತಿತು. ಹಾಸು ಮುಗಿದ ಸಂಜೆ ಹುಲ್ಲಿನ ಮೇಲೆ ಉಳಿದುಬಿಡಬಹುದಾಗಿದ್ದ ಆ ಒಂದು ಕಲ್ಲು ಯಾರದೆಂದು ಅವರಿಗೆ ಕಂಡಿತು. ಅದರ ಪಕ್ಕ ಬಿದ್ದಿರುತ್ತಿದ್ದ ಥಾಪಿಯೂ ಕಂಡಿತು. “ಮತ್ತ ಆ ಅವ್ವಾರದೇ,” ಎಂದು ಮೆಲ್ಲಗೆ ಅಂದರು. ಆಮೇಲೆ ಪಕ್ಕದಲ್ಲಿ ಕೂತು, “ಸರಿ ಅತ್ಲಾಗ. ಮೊದಲ ಗೂಟ ಕೀಳೂಣು,” ಎಂದರು.

ಊಟದ ಹೊತ್ತಿಗೆ ತಪ್ಪು ತಿದ್ದಿಯಾಗಿತ್ತು. ಕೊಟ್ಟ ಮಾತಿನಂತೆ ಅದೇ ದಿನ ಉಡಾಳ ಸಲಕರಣೆ ‘ಹಾಸು’ವಿನ ಒಳಗೆ ಸೇರಿತು. ಇನ್ನು ಮುಂದೆ ಅದರ ಕೈಯಲ್ಲಿ ಪಾಸಾಗದೆ ಯಾವ ತಿದ್ದುಪಡಿಯೂ ಹೊರಗೆ ಹೋಗುವಂತಿಲ್ಲ, ತಮ್ಮದೂ ಸೇರಿ, ಎಂದು ಮಾಸ್ತರರು ಎಲ್ಲರಿಗೂ ಬರೆದು ಹಾಕಿದರು. ಎರಡು ದಿನದಲ್ಲಿ ಅದು ಕೋಟಾದವನ ತಿದ್ದುಪಡಿಯನ್ನೂ ಕೆಡವಿತು. ಅವನು ಒಂದು ಬೈಗುಳ, ಒಂದು ಶಭಾಷ್ ಎರಡನ್ನೂ ಒಟ್ಟಿಗೆ ಕಳಿಸಿದ. ಪೋರ್ಚುಗಲ್ಲಿನ ಮುದುಕ ಮಾತ್ರ, ಒಂದು ಮನೆಯವರು ಎರಡು ಕಲ್ಲು ಯಾಕೆ ಕೊಟ್ಟರು ಎಂದು ಕೇಳಿದ. ಲುಂಬಿನಿ ಪುಟ ತುಂಬ ಉತ್ತರ ಬರೆದಳು. ಪ್ರೋಗ್ರಾಮಿಗಿಂತ ಇದೇ ಚೆನ್ನಾಗಿದೆ ಎಂದು ಅವನ ಮಾರುತ್ತರ ಬಂತು. ಮಾಸ್ತರರಂತೂ ಹೊಸ ಆಟಿಕೆ ಸಿಕ್ಕವರಂತೆ ಬೆಳಗಾದರೆ ನೇಮದ ಮೇಲೆ ನೇಮ ಬರೆದು, ತಮ್ಮ ಪ್ರೋಗ್ರಾಂ ಬಿದ್ದಾಗಲೆಲ್ಲ ಚಪ್ಪಾಳೆ ತಟ್ಟತೊಡಗಿದರು. “ಬಿದ್ದದ್ದಕ್ಕ ಯಾರರೇ ಖುಷಿ ಪಡ್ತಾರೇನೋ?” ಎಂದು ಸರಸ್ವತಿಬಾಯಿ ಗಲ್ಲಕ್ಕೆ ಕೈಯಿಟ್ಟುಕೊಂಡರು.

ಹಾಸು ಶುರುವಾದ ದಿನದಿಂದ ಹಣಮಮ್ಮ ವಿಹಾರ ಕಾಣುವ ತನ್ನ ಕಟ್ಟೆಯ ಮೇಲೆ ಕೂತು ಗುಡ್ಡೆಯ ಮೇಲೆ ಕಣ್ಣಿಟ್ಟಿದ್ದಳು. ಬೇಳೆ ಹಸನು ಮಾಡುತ್ತಿದ್ದರೂ ಕಣ್ಣು ಅಲ್ಲೇ. ಸೂರ್ಯಕಾಂತ ಮಗಳು ತಂದ ಚಿತ್ರ ನೋಡಿ ಕಲ್ಲು ಕರೆಯುತ್ತಿದ್ದ, ಆಳುಗಳು ಹೊತ್ತು ಒಳಗೊಯ್ಯುತ್ತಿದ್ದರು. ಗುಡ್ಡೆ ಸೊಂಟಕ್ಕೆ ಇಳಿಯಿತು, ಮಂಡಿಗೆ ಇಳಿಯಿತು. ಕೊನೆಯ ಕಲ್ಲು ಒಳಗೆ ಹೋದ ಸಂಜೆ ಅವಳು ಎದ್ದು ಬಂದಳು. ಹಳದಿಗಟ್ಟಿ ನೆಲಕ್ಕಂಟಿದ ಹುಲ್ಲನ್ನು ಕಾಲಿನಿಂದ ಸರಿಸಿ ನೋಡಿದಳು. ಗೋಡೆಯ ಹಿಂದೆ ಹೋಗಿ ಅಲ್ಲೂ ನೋಡಿದಳು. ಏನೂ ಇರಲಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಥಾಪಿ ತೊಳೆಯುತ್ತಿದ್ದ ಸೂರ್ಯಕಾಂತ ಆ ಬಾಗಿಲನ್ನೇ ನೋಡುತ್ತ ನಿಂತ.

ಬುದ್ಧ ಪೂರ್ಣಿಮೆಯ ಬೆಳಿಗ್ಗೆ ವಿಹಾರ ತುಂಬಿತು. ತಣ್ಣನೆಯ ಹೊಸ ಫರಸಿಯ ಮೇಲೆ ಬಿಳಿ ಸೀರೆ, ಬಿಳಿ ಅಂಗಿ. ಮಾಸ್ತರರು ತಾಯಿಯನ್ನೂ ಕರೆದುಕೊಂಡು ಬಂದು ಬಾಗಿಲ ಹತ್ತಿರ ಕೂತಿದ್ದರು. ವಂದನೆ ಮುಗಿದು ಎಲ್ಲರೂ ಧ್ಯಾನಕ್ಕೆ ಕೂತ ಹೊತ್ತಿನಲ್ಲಿ ಹಣಮಮ್ಮ ಬಂದಳು. ಗಂಜಿ ಹಾಕಿದ ಬಿಳಿ ಸೀರೆ. ಹೆಂಗಸರನ್ನು ದಾಟಿಕೊಂಡು ನೇರ ನಡುವಿಗೆ ಹೋಗಿ, “ಸರೀರಿ, ಜಾಗ ಬಿಡ್ರಿ,” ಎಂದು ಕೂತಳು. ಕೂತವಳು ಅಂಗೈಯಿಂದ ನೆಲ ಸವರಿದಳು.

“ಸೂರ್ಯಾ!” ಎಂದು ಕೂಗಿದಳು.

ಇಡೀ ವಿಹಾರ ತಿರುಗಿ ನೋಡಿತು.

“ಬಾ ಇಲ್ಲಿ. ಈ ಕಲ್ಲಿನ ಮೂಲಿ ಎದ್ದದ ನೋಡು. ಕಣ್ಣು ಹೋಗ್ಯಾವೇನ್ ನಿಂದು?”

ಸೂರ್ಯಕಾಂತ ಎದ್ದ. ಕೂತವರ ನಡುವೆ ಕಾಲಿಡುತ್ತ ಬಂದು, ಅವಳ ಮುಂದೆ ಮಂಡಿಯೂರಿ, ಮೂಲೆಯ ಮೇಲೆ ಅಂಗೈ ಆಡಿಸಿದ. ಕಲ್ಲು ಕಲ್ಲಿಗೆ ಒಂದು ಕೂದಲಿನಷ್ಟೂ ಏರುಪೇರಿಲ್ಲದೆ ಕೂಡಿತ್ತು.

“ಹೌದಕ್ಕಾ, ಎದ್ದದ,” ಎಂದ. “ನಾಳಿ ಬಂದು ಕೂಡಸ್ತೀನಿ.” ಕೈಯನ್ನು ಅಲ್ಲಿಂದ ತೆಗೆಯದೆ ಹಾಗೇ ಕೂತ.