ಉಮ್ಮೇ ಕುಲ್ಸುಮಳ ಬಲಗಣ್ಣಿನ ಕರಡು ಪ್ರತಿ

೧

ಎಲ್ಲಿಂದ ಶುರು ಮಾಡುವುದು? ಕಣ್ಣೀರಿನಿಂದ ಶುರು ಮಾಡಿದರೆ ಓದುಗರು ಕರಗುತ್ತಾರೆಂದು ಕಥೆಗಾರನ ಅಂದಾಜು. ಉಮ್ಮೇ ಕುಲ್ಸುಮಳ ಬಲಗಣ್ಣಿನಿಂದ ನೀರು ಸುರಿಯುತ್ತಿದ್ದುದೂ ನಿಜ. ಆದರೆ ಅವಳು ಅಳುತ್ತಿರಲಿಲ್ಲ, ಮಾನ್ವಿ ಊರಿನ ಮದುವೆಯೊಂದರಲ್ಲಿ ವಿಡಿಯೋ ತೆಗೆಯುತ್ತಿದ್ದಳು. (ಮೊದಲ ಕರಡು ಅಲ್ಲಿಗೇ ಸತ್ತಿತು. ಒಳ್ಳೆಯದೇ ಆಯಿತು.)

೨

ಎಂಬತ್ತೇಳನೆಯ ಇಸವಿ. ರಾಯಚೂರಿನ ಸ್ಟುಡಿಯೋ ಮಾಲೀಕ ಗುಲಾಮ್ ದಸ್ತಗೀರ್ ವಿಡಿಯೋ ಕ್ಯಾಮೆರಾ ತಂದ. ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸರನ್ನು ಬಿಡುವುದಿಲ್ಲವಲ್ಲ, ಮಗಳು ಕುಲ್ಸುಮಳ ಹೆಗಲಿಗೆ ಏರಿಸಿದ. ಕಣ್ಣಿಟ್ಟು ನೋಡುವ ಗೂಡಿನೊಳಗೆ ಅಂಗುಲದಷ್ಟು ಕಪ್ಪುಬಿಳುಪು ಟೀವಿ. ಕುಲ್ಸುಮ್ ಎಡಗಣ್ಣು ಬಿಗಿಯಾಗಿ ಮುಚ್ಚಿ, ಬಲಗಣ್ಣನ್ನು ರೆಪ್ಪೆ ಬಡಿಯದೆ ಅದರಲ್ಲೇ ನೆಟ್ಟಳು. ಕಣ್ಣು ಕೆಂಪಾಯಿತು. ತಲೆ ಸಿಡಿಯತೊಡಗಿತು. ನೆಂಟರೆಲ್ಲ ಪುಕ್ಕಟೆ ಕಣ್ಣಿನ ಡಾಕ್ಟರರಾದರು.

ದಸ್ತಗೀರನ ಅಕ್ಕ ಹೀರಾಬಿ ಕುಲ್ಸುಮಳನ್ನು ಸೊಸೆ ಮಾಡಿಕೊಳ್ಳುವ ಮಾತು ಕೊಟ್ಟಿದ್ದಳು. ಬಂದು ಕೂತು ಅಂದಳು: "ಅದರಾಗಿನ ಕರೆಂಟು ಕಣ್ಣಿನ ಗುಡ್ಡಿ ತಿಂತದಂತ. ಕ್ಯಾಮೆರಾ ಬಿಡಿಸು ದಸ್ತಗೀರ್. ಕುರುಡಿ ಸೊಸಿ ನನಗ ಬ್ಯಾಡ."

(ಅಂದದ್ದು ದಖ್ನಿ ಉರ್ದುವಿನಲ್ಲಿ. ಕಥೆಗಾರನಿಗೆ ಅದು ಬಾರದು. ಹೀಗೇ ಸಹಿಸಿಕೊಳ್ಳಿ.)

ದಸ್ತಗೀರ್ ಗಡ್ಡ ಸವರಿಕೊಂಡ.

೪

ಮೂರನೆಯದನ್ನು ಹರಿದು ಹಾಕಲಾಗಿದೆ. ಅದರಲ್ಲಿ ಕುಲ್ಸುಮ್ ಕುರುಡಿಯಾಗಿ, ಎಲ್ಲರೂ ಪಶ್ಚಾತ್ತಾಪ ಪಡುತ್ತಿದ್ದರು. "ನಿಮಗ ಪ್ರಶಸ್ತಿ ಬರ್ಲಿ ಅಂತ ನಾ ಯಾಕ ಕಣ್ಣು ಕಳ್ಕೋಬೇಕ್ರಿ?" ಎಂದು ಅವಳೇ ಕಥೆಗಾರನೊಡನೆ ಜಗಳ ತೆಗೆದಳು. ಸೀದಾ ಡಾಕ್ಟರ ಬಳಿಗೆ ಹೋದಳು.

ಡಾಕ್ಟರು ಬೆಳಕು ಬಿಟ್ಟು ನೋಡಿದರು. "ಕಣ್ಣು ನೆಟ್ಟಗದಾವ. ಕ್ಯಾಮೆರಾದಾಗ ಚಿತ್ರ ಹ್ಯಾಂಗ ಕಾಣ್ತದ?"

"ಮಸಕು ಮಸಕು. ತಿಣುಕಿ ನೋಡ್ತೀನ್ರಿ."

"ಮತ್ತ್ಯಾರು ನೋಡ್ತಾರ ಅದರಾಗ?"

"ನಮ್ಮ ಅಬ್ಬಾ. ಚಸ್ಮಾ ತೆಗೆದು ನೋಡ್ತಾರ. ಬಾಜೂದಾಗ ತಿರುಗಿಸೂ ಒಂದು ಸಣ್ಣ ಬಳಿ ಅದ, ಮುಟ್ಟಬ್ಯಾಡ ಅಂದಾರ."

ಡಾಕ್ಟರು ನಕ್ಕರು. "ಅಪ್ಪನ ಚಸ್ಮಾ ನಂಬರಿಗೆ ಕೂಡಿಸಿದ್ದರಾಗ ನೀ ನೋಡಾಕತ್ತೀಯವ್ವಾ. ಬಳಿ ನಿನ್ನ ಕಣ್ಣಿಗೆ ತಿರುಗಿಸ್ಕೋ. ಎಡಗಣ್ಣು ಬಿಗಿ ಹಿಡೀಬ್ಯಾಡ, ನಡುನಡುವ ರೆಪ್ಪಿ ಬಡಿ."

೫

ಬಳೆ ತಿರುಗಿಸಿದಳು. ಎದುರಿನ ಗೋಡೆಯ ಕ್ಯಾಲೆಂಡರಿನ ತಾರೀಖುಗಳು ಚಕ್ಕನೆ ತಿಳಿಯಾಗಿ ನಿಂತವು. ಖುಷಿಗಿಂತ ಮೊದಲು ಸಿಟ್ಟು ಬಂತು.

"ಇಷ್ಟು ದಿನ ನಿಮ್ಮ ಕಣ್ಣಿಲೆ ನೋಡಿದೆ ಅಬ್ಬಾ."

"ನನಗ ಸರಿ ಕಾಣ್ತಿತ್ತಲ್ಲ," ಎಂದ ದಸ್ತಗೀರ್, ಮಹಾ ನ್ಯಾಯವಂತನಂತೆ.

ಯಾರೂ ತಿರುಗಿಸದಂತೆ ಅವಳು ಬಳೆಯ ಮೇಲೆ ಪಟ್ಟಿ ಅಂಟಿಸಿದಳು. ಸೋದರತ್ತೆ ಹೀರಾಬಿಗೆ ತಾನೇ ಹೋಗಿ ಹೇಳಿದಳು: "ಕಣ್ಣು ಉಳದಾವ ಫುಪ್ಪು. ಕ್ಯಾಮೆರಾನೂ ಉಳೀತದ. ಈಗ ಹೇಳ್ರಿ."

ಹೀರಾಬಿ ಅಡಿಕೆ ಕತ್ತರಿಸಲು ಕೂತಳು. ಕರೆಂಟಿನ ಭಯ ಹೋದ ಮೇಲೆ ಹೊಸದೊಂದು ಭಯ ಹುಡುಕಲು ಪುರಸೊತ್ತು ಬೇಕಲ್ಲ.

೬

ಇನ್ನು ಮುಕ್ತಾಯ. ಹೀರಾಬಿ ಒಪ್ಪಿದಳು ಎನ್ನೋಣವೇ? ಕುಲ್ಸುಮ್‌ಳೇ ಒಲ್ಲೆ ಎಂದಳು ಎನ್ನೋಣವೇ? ಕೇಳಿಯೇ ಬಿಡೋಣವೆಂದು ಕಥೆಗಾರ ದೇವದುರ್ಗದ ಮದುವೆಮನೆಗೆ ಹೋಗಿ, ಹೆಂಗಸರ ಬಾಗಿಲಲ್ಲಿ ಪೆನ್ನು ಹಿಡಿದು ನಿಂತ. ಒಳಗೆ ಕುಲ್ಸುಮ್, ಎರಡೂ ಕಣ್ಣು ತೆರೆದು, ಮದುಮಗಳನ್ನು ತೆಗೆಯುತ್ತಿದ್ದಳು.

"ನಿನ್ನ ಲಗ್ನ ಏನಾತವ್ವಾ?"

"ಬೆಳಕಿಗೆ ಅಡ್ಡ ಬಂದೀರಿ," ಎಂದಳು, "ಬಾಜೂಕ ಸರೀರಿ."