ತಕ್ಕಡಿ ಮೇಸ್ತ್ರಿಯ ಅಂಗೈ

ಮೇಸ್ತ್ರಿಗೆ ಹೆತ್ತವರಿಟ್ಟ ಹೆಸರೊಂದಿತ್ತು, ಆದರೆ ಅದು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಊರಿಗೆಲ್ಲ ಅವನು ತಕ್ಕಡಿ. ಕಾರಿನ ಯಾವ ಪಾರ್ಟು ಕೊಟ್ಟರೂ ಬಲಗೈಯ ಅಂಗೈ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಎರಡು ಸಲ ಮೇಲೆ ಕೆಳಗೆ ಆಡಿಸಿ, ಒರಿಜಿನಲ್ಲೋ ಡೂಪ್ಲಿಕೇಟೋ ಅಂತ ತೀರ್ಪು ಕೊಡುತ್ತಿದ್ದ. ಭಾರ ಇದ್ದರೆ ಒರಿಜಿನಲ್, ಹಗುರ ಇದ್ದರೆ ಡೂಪ್ಲಿಕೇಟ್, ಇಷ್ಟೇ ಅವನ ವೇದಾಂತ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಆ ಎರಡು ಕ್ಷಣ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಒಬ್ಬರೂ ಆ ತೀರ್ಪನ್ನು ಪ್ರಶ್ನಿಸಿರಲಿಲ್ಲ. ಪ್ರಶ್ನಿಸುವುದಾದರೂ ಹೇಗೆ? ಹಾಕಿದ ಮೇಲೆ ಕಾರು ಓಡಿದರೆ ಅದು ಒರಿಜಿನಲ್ಲಿನ ಮಹಿಮೆ, ಕೆಟ್ಟರೆ ರಸ್ತೆ ಸರಿಯಿಲ್ಲ ಅನ್ನುತ್ತಿದ್ದ.

ಅವನದು ಇನ್ನೊಂದು ನಿಯಮವಿತ್ತು. ಬಿಚ್ಚಿದ ಹಳೇ ಪಾರ್ಟನ್ನು ಪೆಟ್ರೋಲಿನಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸದು ಬಂದ ಡಬ್ಬದೊಳಗೇ ಹಾಕಿ ಗಿರಾಕಿಯ ಕೈಗೆ ಕೊಡುವುದು. "ತಗೊಂಡು ಹೋಗಿ. ನಾಳೆ ತಕ್ಕಡಿ ಹಳೇದನ್ನೇ ತಿಕ್ಕಿ ಹಾಕಿದ ಅನ್ನೋದು ಬೇಡ," ಅನ್ನುತ್ತಿದ್ದ. ಹೆಚ್ಚಿನವರು ಅದನ್ನು ಮುಂದಿನ ತಿರುವಿನ ಕಸದ ತೊಟ್ಟಿಗೆ ಎಸೆದು ಹೋಗುತ್ತಿದ್ದರು. ತೊಳೆದು ಉಜ್ಜುವ ಅಗತ್ಯವಿರಲಿಲ್ಲ, ಆದರೆ ಕೊಳಕು ಸಾಮಾನು ಕೊಟ್ಟರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಗ್ಯಾರೇಜಿನಲ್ಲಿ ಅವನ ಜೊತೆಗಿದ್ದವಳು ಮಗಳು. ಡಿಪ್ಲೊಮಾ ಮುಗಿಸಿದವಳು ಸೀದಾ ಇಲ್ಲಿಗೇ ಬಂದು ಹತ್ತು ವರ್ಷವಾಗಿತ್ತು. ತನಗಿಂತ ಅವಳ ಕೈ ಚುರುಕು ಅನ್ನುವುದು ತಕ್ಕಡಿಗೆ ಗೊತ್ತಿತ್ತು. ಅದನ್ನು ಅವಳೊಬ್ಬಳನ್ನು ಬಿಟ್ಟು ಬೀದಿಗೆಲ್ಲ ಹೇಳಿದ್ದ. ಅವಳನ್ನು ಕೊಟ್ಟ ಮನೆ ಮೂರು ಬೀದಿ ಆಚೆ. ಬೀಗರು, ಅಂದರೆ ಅವಳ ಮಾವ, ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಮೂವತ್ತು ವರ್ಷ ಅಂಗಡಿ ಅಂಗಡಿ ತಿರುಗಿ, ತಳ ಕೊರೆದ ತೂಕದ ಬಟ್ಟು, ತಟ್ಟೆಯಡಿ ಅಂಟಿಸಿದ ಅಯಸ್ಕಾಂತ ಇವನ್ನೆಲ್ಲ ಹುಡುಕಿ ಹಿಡಿದವರು. ಊಟಕ್ಕೆ ಕೂತರೆ ಒಂದು ಕಳ್ಳನ ಕಥೆಯಾದರೂ ಆಗಬೇಕು. ಅವನೆಂಥ ಖದೀಮ, ಹೇಗೆ ಸಿಕ್ಕಿಬಿದ್ದ, ಹೇಗೆ ಬೆವೆತ ಅಂತ ತುತ್ತಿಗೊಂದರಂತೆ ಹೇಳುತ್ತಿದ್ದರು. ಸೊಸೆಗೆ ಅವೆಲ್ಲ ಬಾಯಿಪಾಠವಾಗಿದ್ದವು.

ಆ ಬೆಳಗ್ಗೆ ಬೀಗರ ಹದಿನೆಂಟು ವರ್ಷದ ಕಾರು ಬುಸುಗುಟ್ಟುತ್ತ ಗ್ಯಾರೇಜಿನ ಮುಂದೆ ಬಂದು ನಿಂತಿತು.

"ಮಾವ, ವಾಟರ್ ಪಂಪ್ ಹೋಗಿದೆ," ಅಂದಳು ಮಗಳು, ಬಾನೆಟ್ಟಿನೊಳಗಿಂದ ತಲೆ ಎತ್ತದೆ. "ಬೇರಿಂಗ್ ಆಡ್ತಿದೆ, ನೀರು ಸೋರ್ತಿದೆ. ಕಂಪನಿಯವರು ಈ ಪಂಪ್ ಮಾಡೋದು ನಿಲ್ಸಿ ನಾಲ್ಕು ವರ್ಷ ಆಯ್ತು. ಬೇರೆ ಕಂಪನಿದು ಹಾಕಣ. ಚೆನ್ನಾಗಿದೆ."

"ನನ್ನ ಗ್ಯಾರೇಜಲ್ಲಿ ಬೇರೆ ಕಂಪನಿದಾ? ನಾನು ಸತ್ತ ಮೇಲೆ ಹಾಕು," ಅಂದ ತಕ್ಕಡಿ.

"ಅಪ್ಪಾ, ಕಂಪನಿಯವರೇನು ಪಂಪನ್ನ ಹೊಟ್ಟೇಲಿ ಹೊತ್ತು ಹೆರ್ತಾರಾ? ಅವರೂ ಯಾರ ಹತ್ರನೋ ಮಾಡಿಸಿ ತಮ್ಮ ಡಬ್ಬಕ್ಕೆ ಹಾಕ್ತಾರೆ. ಡೂಪ್ಲಿಕೇಟ್ ಬೇರೆ, ಬೇರೆ ಕಂಪನಿ ಮಾಲು ಬೇರೆ."

"ಚಿಕ್ಕಪ್ಪ ಎಷ್ಟೇ ಒಳ್ಳೆಯವನಾದ್ರೂ ಅಪ್ಪ ಆಗ್ತಾನೇನೇ?"

"ಅಪ್ಪ ಸಿಗದೇ ಇದ್ದಾಗ ಚಿಕ್ಕಪ್ಪನೇ ಗತಿ," ಅಂದಳು ಅವಳು. ಆ ಬೇರೆ ಕಂಪನಿಯ ಪಂಪನ್ನು ಅವಳು ಎಂದೋ ತಂದು ಟೈರುಗಳ ಹಿಂದೆ ಇಟ್ಟಿದ್ದಳು.

ಬೀಗರು ನಗುತ್ತ ಕೈಯೆತ್ತಿದರು. "ಜಗಳ ಯಾಕೆ? ನನ್ನ ಹತ್ರ ಒರಿಜಿನಲ್ಲೇ ಇದೆ." ಡಿಕ್ಕಿ ತೆಗೆದು, ಪ್ಲಾಸ್ಟಿಕ್ ಸುತ್ತಿದ ಕಂಪನಿ ಡಬ್ಬವೊಂದನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದರು. "ಒಂಬತ್ತು ವರ್ಷದ ಹಿಂದೆ ಪಂಪ್ ಬದಲಾಯಿಸಿದ್ರಲ್ಲ, ಆಗ ಒಂದು ಸ್ಪೇರ್ ಕೊಟ್ಟಿದ್ರಿ. ಬೀರುನಲ್ಲಿ ಬಟ್ಟೆ ನಡುವೆ ಇಟ್ಟಿದ್ದೆ. ಕಾರು ಬಿಸಿಯಾಗೋಕೆ ಶುರುವಾದ ದಿನವೇ ಡಿಕ್ಕಿಗೆ ಹಾಕ್ಕೊಂಡೆ."

ತಕ್ಕಡಿ ಯಾರಿಗೂ ಯಾವತ್ತೂ ಸ್ಪೇರ್ ಕೊಟ್ಟವನಲ್ಲ. ಅಂದು ಕಾರು ಒಯ್ಯಲು ಬಂದಿದ್ದವನು ಬೀಗರ ಮಗ. ಹಳೇ ಪಾರ್ಟಿನ ನಿಯಮವನ್ನು ತಕ್ಕಡಿ ಅವನಿಗೂ ಹೇಳಿದ್ದ. ಆದರೆ ಹುಡುಗನ ಕಿವಿ ಕೆಲಸ ಮಾಡುತ್ತಿರಲಿಲ್ಲ, ಗ್ರೀಸ್ ಮೆತ್ತಿಕೊಂಡು ಸ್ಪ್ಯಾನರ್ ತಿರುಗಿಸುತ್ತಿದ್ದ ಹುಡುಗಿಯ ಮೇಲೆ ಅವನ ಗಮನವಿತ್ತು. ಡಬ್ಬ ಸ್ಪೇರ್ ಅನ್ನಿಸಿಕೊಂಡು ಬೀರು ಸೇರಿದ್ದೂ, ಇವರಿಬ್ಬರೂ ಬೀಗರಾದದ್ದೂ ಅದರ ಫಲವಾಗಿಯೇ.

ಡಬ್ಬ ಬಿಚ್ಚುತ್ತಿದ್ದಂತೆ ತಕ್ಕಡಿಗೆ ತನ್ನದೇ ಬ್ರಷ್ಷಿನ ಗೀರುಗಳು ಕಂಡವು. ಮಗಳು ಪಂಪನ್ನು ಇಸಿದುಕೊಂಡು ತಿರುಗಿಸಿದಳು. ಕರಕರ ಅಂದಿತು.

"ಮಾವ, ಇದು ಹಳೇದು. ನಿಮ್ಮ ಕಾರಿಂದಲೇ ಬಿಚ್ಚಿದ್ದು."

ಬೀಗರ ನಗು ಇಳಿಯಿತು, ಅದರ ಜಾಗಕ್ಕೆ ಇನ್‌ಸ್ಪೆಕ್ಟರ ಮುಖ ಬಂತು. "ಹೊಸ ಡಬ್ಬದಲ್ಲಿ ಹಳೇ ಪಂಪು. ಹಾಗಾದ್ರೆ ಹೊಸದೆಲ್ಲಿ?"

"ಕಾರಲ್ಲಿದೆ ಬೀಗರೇ. ಬಿಚ್ಚಿದ್ದನ್ನ ಡಬ್ಬಕ್ಕೆ ಹಾಕಿ ಕೊಡೋದು ನನ್ನ ಪದ್ಧತಿ."

"ಹಳೇದು ಅಂತ ತೋರಿಸೋಕೆ ಕೊಡೋದಾದ್ರೆ ತಿಕ್ಕಿ ಹೊಳೆಯೋ ಹಾಗೆ ಮಾಡಿದ್ಯಾಕೆ? ಹೆಣಕ್ಕೆ ಯಾರಾದ್ರೂ ಸ್ನೋ ಪೌಡರ್ ಹಚ್ತಾರಾ? ಒರಿಜಿನಲ್ಲನ್ನ ಇನ್ನೆಲ್ಲಿಗೋ ಸಾಗಿಸಿ, ನನ್ನ ಕಾರಿಗೆ ಯಾವುದೋ ಡೂಪ್ಲಿಕೇಟ್ ತುರುಕಿ, ಡಬ್ಬ ಖಾಲಿ ಕೊಟ್ರೆ ಅನುಮಾನ ಬರುತ್ತೆ ಅಂತ ಇದನ್ನ ತುಂಬಿಸಿದ್ದೀರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ತಕ್ಕಡಿ ತನ್ನ ಪ್ರಾಮಾಣಿಕತೆಗೆಂದು ಮಾಡಿಕೊಂಡಿದ್ದ ಪದ್ಧತಿಯೇ ಕಳ್ಳತನದ ಸಾಕ್ಷಿಯಾಗಿ ಎದುರಿಗೆ ನಿಂತಿತ್ತು. ತನ್ನನ್ನು ಏನಾದರೂ ಅಂದುಕೊಳ್ಳಲಿ, ಅದನ್ನು ತಡೆದುಕೊಳ್ಳಬಹುದಿತ್ತು. ಆದರೆ ನಾಳೆಯಿಂದ ಬೀಗರ ಮನೆಯ ಊಟದ ಹೊತ್ತಿನ ಕಥೆಯಲ್ಲಿ ಕಳ್ಳ ತಾನೇ ಆಗಬೇಕು. ಮಗಳು ದಿನಕ್ಕೆರಡು ಸಲ, ತಟ್ಟೆಯ ಮುಂದೆ ತಲೆ ತಗ್ಗಿಸಿ, ತನ್ನಪ್ಪ ಹೇಗೆ ಸಿಕ್ಕಿಬಿದ್ದ, ಹೇಗೆ ಬೆವೆತ ಅನ್ನುವುದನ್ನು ಕೇಳಿಸಿಕೊಳ್ಳಬೇಕು. ಅದನ್ನು ನೆನೆದೇ ಅವನು ನಿಜಕ್ಕೂ ಬೆವೆತ.

"ಬಿಚ್ಚೇ," ಅಂದ ಮಗಳಿಗೆ. "ಒಳಗಿರೋದರ ಮೇಲೆ ಕಂಪನಿ ಮಾರ್ಕ್ ಇರುತ್ತೆ. ಅಂಗಡೀಲಿ ನಾನೇ ತೂಗಿ ತಂದಿದ್ದು. ಇವರೇ ನೋಡಲಿ."

ಒಂದು ಗಂಟೆ ಹಿಡಿಯಿತು. ಬೀಗರಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ, ಬಸ್ಸು ತಪ್ಪಿಸಿಕೊಂಡವರ ಹಾಗೆ ಕೂತಿದ್ದರು. ಕೊನೆಗೆ ಮಗಳು ಪಂಪನ್ನು ಹೊರಗೆಳೆದು, ವೇಸ್ಟ್ ಬಟ್ಟೆಯಿಂದ ಒರೆಸಿ, ತಿರುಗಿಸಿ ನೋಡಿದಳು. ಮತ್ತೊಮ್ಮೆ ಒರೆಸಿದಳು. ಆಮೇಲೆ, "ಅಪ್ಪಾ, ಸ್ವಲ್ಪ ಬಾ, ಬೋಲ್ಟ್ ಹಿಡಿ," ಅಂತ ಕರೆದಳು.

ಬಾನೆಟ್ಟಿನ ಮರೆಯಲ್ಲಿ ಅವಳು ಪಿಸುಗುಟ್ಟಿದಳು: "ಕಂಪನಿ ಮಾರ್ಕ್ ಇಲ್ಲ. ಮೀನಿನ ಚಿತ್ರ ಇದೆ."

ತಕ್ಕಡಿ ಪಂಪನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಎರಡು ಸಲ ಆಡಿಸಿದ. ಅಂಗೈ ಈಗಲೂ ಒರಿಜಿನಲ್ ಅಂದಿತು. ಕಣ್ಣು ಬಿಟ್ಟು ನೋಡಿದರೆ ಮೀನು ಅವನನ್ನೇ ನೋಡುತ್ತಿತ್ತು. ಒಂಬತ್ತು ವರ್ಷದ ಹಿಂದೆ ಅಂಗಡಿಯವನು ಕಂಪನಿ ಡಬ್ಬದಲ್ಲಿ ಮೀನನ್ನಿಟ್ಟು ಮಾರಿದ್ದ, ತಕ್ಕಡಿ ಕಣ್ಣು ಮುಚ್ಚಿ ಅದಕ್ಕೆ ಆಶೀರ್ವಾದ ಮಾಡಿದ್ದ.

"ಗ್ರೈಂಡರಲ್ಲಿ ಎರಡು ನಿಮಿಷ ಹಿಡೀತೀನಿ," ಅಂದಳು ಮಗಳು. "ತುಕ್ಕು ತಿಂದು ಮಾರ್ಕ್ ಹೋಗಿದೆ ಅಂತೀನಿ. ನಾನು ಹೇಳಿದ್ರೆ ನಂಬ್ತಾರೆ."

ತನಗೋಸ್ಕರ ಮಗಳು ಸುಳ್ಳಿಗೆ ಇಳಿಯಲು ತಯಾರಾದದ್ದು ಕಂಡು ತಕ್ಕಡಿಗೆ ನಾಚಿಕೆಯಾಯಿತು, ಮೀನು ಕಂಡಾಗ ಆಗಿದ್ದಕ್ಕಿಂತ ಹೆಚ್ಚು. "ಬೇಡ," ಅಂದವನೇ ಪಂಪನ್ನು ತೆಗೆದುಕೊಂಡು ಹೋಗಿ ಬೀಗರ ಕೈಗೇ ಇಟ್ಟ.

"ಡೂಪ್ಲಿಕೇಟ್, ಬೀಗರೇ. ನಾನೇ ಹಾಕಿದ್ದು. ಆದ್ರೆ ಡೂಪ್ಲಿಕೇಟ್ ಅಂತ ನನಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ವಾ? ಊರಲ್ಲೆಲ್ಲ ಕಣ್ಣು ಮುಚ್ಚಿ ತೂಗಿ ಹೇಳ್ತಾನೆ ಅಂತ ಹೆಸರಿರೋ ಮನುಷ್ಯನಿಗೆ?"

ತಕ್ಕಡಿಗೆ ತಾನು ಎಲ್ಲಿ ಸಿಕ್ಕಿಬಿದ್ದಿದ್ದೇನೆಂದು ಆಗ ಹೊಳೆಯಿತು. ಅಂಗೈಗೆ ಗೊತ್ತಾಗುತ್ತದೆ ಅಂದರೆ ತಾನು ಕಳ್ಳ. ಕಳ್ಳನಲ್ಲ ಅನ್ನಿಸಿಕೊಳ್ಳಬೇಕಾದರೆ ಮೂವತ್ತೈದು ವರ್ಷ ಸಾಕಿದ ಅಂಗೈಯನ್ನು ಬೀದಿಗೆ ತಂದು ದಡ್ಡ ಅಂತ ಒಪ್ಪಿಕೊಳ್ಳಬೇಕು. ಅವನು ಒಮ್ಮೆ ಮಗಳ ಮುಖ ನೋಡಿದ.

"ಪರೀಕ್ಷೆ ಮಾಡಿ," ಅಂದ. "ನನ್ನ ಕೈಗೆ ಗೊತ್ತಾಗುತ್ತೋ ಇಲ್ವೋ, ನೀವೇ ನೋಡಿ."

ಇಂಥ ಮಾತು ಕೇಳಿ ಬೀಗರ ವಯಸ್ಸು ಹತ್ತು ವರ್ಷ ಇಳಿಯಿತು. ಮೂಲೆಯಲ್ಲಿದ್ದ ಟವಲ್ಲಿನಿಂದ ತಕ್ಕಡಿಯ ಕಣ್ಣು ಕಟ್ಟಿಸಿದರು. ಡಬ್ಬದಿಂದ ಬಂದ ಹಳೇ ಒರಿಜಿನಲ್ಲನ್ನೂ ಟೈರುಗಳ ಹಿಂದಿನಿಂದ ಮಗಳು ತಂದ ಬೇರೆ ಕಂಪನಿಯದನ್ನೂ ಒಂದೇ ಥರದ ಬಟ್ಟೆಯಲ್ಲಿ ಸುತ್ತಿಸಿದರು. ಬೆರಳು ಆಡಿಸಬಾರದು ಅಂತ ತಾಕೀತು ಮಾಡಿದರು. ಪಕ್ಕದ ಪಂಕ್ಚರ್ ಅಂಗಡಿಯವನೂ ಎದುರಿನ ದರ್ಜಿಯೂ ಕೆಲಸ ಬಿಟ್ಟು ಬಂದು ನಿಂತರು. ಪರೀಕ್ಷೆಗೆ ಕೂತವನೊಬ್ಬ ಫೇಲಾಗಲಿ ಎಂದು ಮೊರೆಯಿಡುವುದನ್ನು ಆ ಬೀದಿ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮೊದಲನೆಯದು ಅಂಗೈಗೆ ಬಂತು. ಕೈ ಹೇಳಿದ್ದನ್ನೇ ಹೇಳಿದ: "ಒರಿಜಿನಲ್."

"ಸರಿ," ಅಂದರು ಬೀಗರು.

ಎರಡನೆಯದು ಬಂತು. "ಡೂಪ್ಲಿಕೇಟ್." ಅದೂ ಸರಿ. ದರ್ಜಿ ಚಪ್ಪಾಳೆ ತಟ್ಟಿದ. ಅವನ ಕೈ ಮುರಿಯಬಾರದೇ ಅನ್ನಿಸಿತು ತಕ್ಕಡಿಗೆ. ಬೇಕೆಂದೇ ತಪ್ಪು ಹೇಳಿಬಿಡಲೇ ಎಂಬ ಯೋಚನೆ ಬಂದು ನಾಲಿಗೆ ತುದಿಯವರೆಗೂ ಇಳಿಯಿತು, ಅದನ್ನು ನುಂಗಿಕೊಂಡ. ಮೂರನೆಯದು ಬಂತು.

"ಡೂಪ್ಲಿಕೇಟ್."

"ತಪ್ಪು."

ತಕ್ಕಡಿಗೆ ಬೀಗರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ನಾಲ್ಕನೆಯದೂ ತಪ್ಪು. ಐದನೆಯದು ಸರಿ. ಆರನೆಯದಕ್ಕೆ ಅವನು ಬಹಳ ಹೊತ್ತು ತೂಗಿದ. ಅಂಗೈಯಲ್ಲಿ ಏನೂ ಇರಲಿಲ್ಲ, ಭಾರ ಅನ್ನುವುದೊಂದು ಬಿಟ್ಟರೆ. "ಒರಿಜಿನಲ್" ಅಂದ. ಅದು ಬೇರೆ ಕಂಪನಿಯದಾಗಿತ್ತು.

ಬೀಗರು ಟವಲ್ ಬಿಚ್ಚಿದರು. "ಗೊತ್ತಿದ್ದು ಹೇಳಿದ್ರೆ ಆರಕ್ಕೆ ಆರೂ ಸರಿ ಬರಬೇಕು. ಬೇಕಂತ ಕೆಡಿಸಿದ್ರೆ ಆರೂ ತಪ್ಪು ಬರುತ್ತೆ. ಮೂರು ಸರಿ ಮೂರು ತಪ್ಪು ಅಂದ್ರೆ ಮನುಷ್ಯನಿಗೆ ಏನೇನೂ ಗೊತ್ತಾಗಲ್ಲ ಅಂತ. ಮೋಸ ಇಲ್ಲ. ಬರೀ ಅಜ್ಞಾನ." ಅವರು ತಕ್ಕಡಿಯ ಬೆನ್ನು ತಟ್ಟಿದರು. "ನೀವು ಅಪ್ಪಟ ಪ್ರಾಮಾಣಿಕರು ಬೀಗರೇ."

ದರ್ಜಿ ಮುಸಿಮುಸಿ ನಕ್ಕ. ಪಂಕ್ಚರ್ ಅಂಗಡಿಯವನು ಈ ಸುದ್ದಿಯನ್ನು ಎಲ್ಲಿಂದ ಹಂಚಲು ಶುರು ಮಾಡಲಿ ಅಂತ ಬೀದಿಯ ಎರಡೂ ಕಡೆ ನೋಡಿದ. ತಕ್ಕಡಿಗೆ ಅಳುವೂ ಬಂತು, ಎದೆ ಹಗುರವೂ ಆಯಿತು. ಮಾನ ಉಳಿದಿತ್ತು, ಮರ್ಯಾದೆ ಹೋಗಿತ್ತು. ಮಗಳು ಮಾತ್ರ ಮೂಗೊರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಗ್ರೀಸ್ ಬಳಿದುಕೊಂಡಿದ್ದಳು.

ಬೀಗರು ಸುಮ್ಮನಿರಲಿಲ್ಲ. ತಾವೂ ಕಣ್ಣು ಕಟ್ಟಿಸಿಕೊಂಡು ಕೈ ಚಾಚಿದರು. "ಇದು ಐವತ್ತು ಗ್ರಾಂ ಜಾಸ್ತಿ. ಇದು ಕಮ್ಮಿ. ಇದು ಮತ್ತೆ ಜಾಸ್ತಿ." ಆರಕ್ಕೆ ಆರೂ ಸರಿ. ಭಾರದ್ದು ಬೇರೆ ಕಂಪನಿಯದು, ಹಗುರದ್ದು ಒರಿಜಿನಲ್.

"ಅಂದ್ರೆ ನಿಮಗೆ ಒರಿಜಿನಲ್ ಯಾವುದು ಅಂತ ಗೊತ್ತಾಗುತ್ತೆ!" ಅಂದ ತಕ್ಕಡಿ, ಬಾಯಿ ಬಿಟ್ಟುಕೊಂಡು.

"ಛೆ, ಛೆ. ಕೈಗೆ ತೂಕ ಗೊತ್ತಾಗುತ್ತೆ, ಕುಲಗೋತ್ರ ಎಲ್ಲಿ ಗೊತ್ತಾಗುತ್ತೆ? ನೋಡಿ, ಆ ಕಂಪನಿದು ಒಂಬತ್ತು ವರ್ಷ ಓಡ್ತು, ನಿಮ್ಮ ಮೀನೂ ಒಂಬತ್ತೇ ವರ್ಷ ಈಜಿತು. ಸೊಸೆ ಹೇಳಿದ್ದನ್ನೇ ಹಾಕಿ." ಅವರು ಕೈಗಡಿಯಾರ ನೋಡಿಕೊಂಡರು. "ಇನ್ನೊಂದು ಮಾತು. ನಿಮ್ಮಂಥ ಸಾಧು ಮನುಷ್ಯನ್ನ ಆ ಅಂಗಡಿಯವರ ಬಾಯಿಗೆ ಬಿಡೋದು ತಪ್ಪು. ನಾಳೆ ಒಂಬತ್ತಕ್ಕೆ ಬಂದ್ಬಿಡ್ತೀನಿ. ಬರೋ ಮಾಲೆಲ್ಲ ನಾನೇ ನೋಡ್ತೀನಿ. ಮನೇಲಿ ಕೂತು ಕೂತು ಸಾಕಾಗಿತ್ತು."

ಮಧ್ಯಾಹ್ನದ ಹೊತ್ತಿಗೆ ಹೊಸ ಪಂಪು ಕೂತಿತು. ಬೀಗರು ಕಾರು ಹತ್ತಿ, ತಾವು ಹಿಡಿದ ನಕಲಿ ತೂಕದವರಲ್ಲಿ ಒಬ್ಬನ ಕಥೆಯನ್ನು ಕಿಟಕಿಯಿಂದಲೇ ಹೇಳಿ ಮುಗಿಸಿ, ಕೈಬೀಸಿ ಹೊರಟರು. ಅವರು ತಿರುವು ದಾಟುವವರೆಗೂ ಅಪ್ಪ ಮಗಳು ಹಲ್ಲು ಬಿಟ್ಟುಕೊಂಡು ನಿಂತಿದ್ದರು.

"ಅಪ್ಪಾ," ಅಂದಳು ಮಗಳು ಆಮೇಲೆ. "ನೀನು ಕಳ್ಳ ಅಂತಾಗಿದ್ರೆ ಊಟದ ಹೊತ್ತಲ್ಲಿ ಮಾತ್ರ ಕೇಳಿಸ್ಕೋತಿದ್ದೆ. ಈಗ ಬೆಳಗ್ಗಿಂದ ಸಂಜೆ ತನಕ ಇಲ್ಲೇ ಕೂತಿರ್ತಾರಲ್ಲ, ಏನು ಮಾಡ್ಲಿ?"

ತಕ್ಕಡಿ ಗೂಡಿನಿಂದ ಗ್ಯಾರೇಜಿನ ಬೀಗದ ಕೈ ಗೊಂಚಲನ್ನು ತೆಗೆದು ಅವಳ ಕೈಯಲ್ಲಿಟ್ಟ.

"ಮಾವ ನಿನ್ನವರು, ಗ್ಯಾರೇಜೂ ಇವತ್ತಿಂದ ನಿಂದೇ," ಅಂದ. "ಎರಡನ್ನೂ ನೀನೇ ಸಂಭಾಳಿಸು."